ಬೈದುಕೊಂಡರೆ ಓದು ತಲೆಗೆ ಹತ್ತುತ್ತದೆಯೇ?

ಪ್ರಶ್ನೆ: ನನಗೆ 28 ವರ್ಷ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯವಳು. ಎಂ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ಧಾರವಾಡಕ್ಕೆ ಬಂದು ನಾಲ್ಕು ವರ್ಷವಾಗುತ್ತ ಬಂತು. ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದೇನೆ. ಕೆಎಎಸ್ ಪ್ರಿಲಿಮ್ಸ್ ದಾಟಲಾಗಲಿಲ್ಲ. ಪಿಡಿಒ ಸ್ವಲ್ಪದರಲ್ಲಿ ತಪ್ಪಿತು. ಈಚೆಗೆ ಬರೆದ ಇನ್ನೊಂದು ಪರೀಕ್ಷೆಯ ಕೀ ಉತ್ತರ ಬಂದು ತಿಂಗಳಾದರೂ ತಾಳೆ ನೋಡಿಲ್ಲ. ಓಎಂಆರ್‌ನ ಕಾರ್ಬನ್ ಪ್ರತಿ ಬ್ಯಾಗಿನಲ್ಲಿ ಮಡಚಿಟ್ಟದ್ದು ಹಾಗೇ ಇದೆ, ತೆಗೆಯಲು ಕೈ ಬರುತ್ತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುವವನು ಅಣ್ಣ. ಕಬ್ಬಿನ ಬಿಲ್ ಬಂದಾಗ ಮೊದಲು ನನ್ನ ಪಿ.ಜಿ. ಬಾಡಿಗೆ, ಮೆಸ್ಸಿನ ದುಡ್ಡು ಕಳಿಸುತ್ತಾನೆ. ಒಂದು ದಿನವೂ ಬೈದವನಲ್ಲ. ಅದಕ್ಕೇ ಏನೋ, ಬೈಯುವ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಅಂದಿನ ಟಾರ್ಗೆಟ್ ಮುಗಿಯದಿದ್ದರೆ ರಾತ್ರಿ ಮೆಸ್ಸಿಗೆ ಹೋಗುವುದಿಲ್ಲ. ಡೈರಿಯಲ್ಲಿ ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂದು ಪುಟ ತುಂಬ ಬರೆಯುತ್ತೇನೆ. ರೂಮಿನ ಗೆಳತಿಗೆ ಪಿಎಸ್‌ಐ ಆಗದಿದ್ದಾಗ, “ಒಂದು ಪರೀಕ್ಷೆ ಹ್ವಾದ್ರ ಜೀವನಾನ ಹೋತೇನ? ಏಳ, ಮೊದ್ಲ ಉಣ್ಣು ನಡಿ” ಎಂದು ಎಬ್ಬಿಸಿ ಕರೆದುಕೊಂಡು ಹೋದವಳು ನಾನೇ. ಈಗ ಆಕೆ “ನಿನ್ನ ಮ್ಯಾಲ ನೀನೂ ಸ್ವಲ್ಪ ಕರುಣಾ ಇಟ್ಕೋ” ಎನ್ನುತ್ತಾಳೆ. ನನಗೆ ಹೆದರಿಕೆ. ಬೈದುಕೊಳ್ಳುವುದನ್ನೂ ಬಿಟ್ಟರೆ ಪೂರ್ತಿ ಸೋಮಾರಿಯಾಗಿಬಿಡುತ್ತೇನೆ. ತಪ್ಪು ಮಾಡಿದವಳಿಗೆ ಕರುಣೆ ಯಾಕೆ? ಈಚೆಗೆ ನಿದ್ದೆ ಸರಿಯಾಗಿಲ್ಲ. ಒಮ್ಮೊಮ್ಮೆ, ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ತಂಗಿ. ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಎಂಬ ಯೋಚನೆ ಬಂದಿದೆ ಎಂದರೆ ಅದನ್ನು ಬಾಯಿಬಿಟ್ಟು ಯಾರಿಗಾದರೂ ಹೇಳಲೇಬೇಕು. ಇವತ್ತೇ ನಿಮ್ಮ ಗೆಳತಿಗೆ ಹೇಳಿ. ಆಮೇಲೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ನೀವಿರುವ ಊರಿನಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಿದ್ದೆ ಕೆಟ್ಟು, ಊಟ ತಪ್ಪಿ, ಮನಸ್ಸು ಎರಡು ವಾರಕ್ಕೂ ಮೀರಿ ಕುಗ್ಗಿಯೇ ಇದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ, ಒಮ್ಮೆ ಅಲ್ಲಿ ತೋರಿಸಿಕೊಂಡು ಬನ್ನಿ. ಬದುಕು ಮುಗಿಸಿಕೊಳ್ಳುವ ಯೋಚನೆ ಗಟ್ಟಿಯಾದರೆ ಒಂದು ಕ್ಷಣವೂ ಒಬ್ಬರೇ ಇರಬೇಡಿ, ಗೆಳತಿಯನ್ನು ಕರೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ಮುಂದೆ ನಾನು ಹೇಳುವುದೆಲ್ಲ ಆ ಚಿಕಿತ್ಸೆಯ ಜೊತೆಗೆ ಮಾಡಬೇಕಾದದ್ದು. ಚಿಕಿತ್ಸೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬೈದುಕೊಳ್ಳುವುದು ನಿಂತರೆ ಓದೂ ನಿಲ್ಲುತ್ತದೆ ಎಂಬ ಹೆದರಿಕೆ ನಿಮ್ಮೊಬ್ಬರದಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆ ಎಂದು ನಂಬಿದ ಮನೆಗಳಲ್ಲಿ, ಶಾಲೆಗಳಲ್ಲಿ ಬೆಳೆದವರು ನಾವು. ‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ’ ಎಂಬ ಗಾದೆಯನ್ನು ನೀವೂ ಕೇಳಿರುತ್ತೀರಿ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಬದುಕಲಿಕ್ಕೆಂದು ಬೈಯುವ ಹಿರಿಯರು ಎಲ್ಲಿ ತಪ್ಪಿತು, ಇನ್ನು ಮುಂದೆ ಹೇಗೆ ಮಾಡಬೇಕು ಎಂದು ಒಂದು ದಾರಿಯನ್ನೂ ತೋರಿಸುತ್ತಾರೆ. ನಿಮ್ಮ ಡೈರಿಯ ಪುಟಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ‘ಭೂಮಿಗೆ ಭಾರ’ ಎಂಬ ಮಾತಿನಲ್ಲಿ ನಾಳೆ ಯಾವ ಪಾಠ ಓದಬೇಕು ಎಂಬುದು ಎಲ್ಲಾದರೂ ಇದೆಯೇ?

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಆ ಓಎಂಆರ್ ಪ್ರತಿ. ನಾಲ್ಕು ವರ್ಷದ ಓದಿನಲ್ಲಿ ಎಲ್ಲಿ ಗಟ್ಟಿ ಇದ್ದೀರಿ, ಎಲ್ಲಿ ಜಾರಿದ್ದೀರಿ ಎಂದು ತಿಳಿಸಬಲ್ಲ ಕಾಗದ ಅದೊಂದೇ. ಅದನ್ನೇ ತಿಂಗಳಿಂದ ತೆರೆದಿಲ್ಲ. ಸೋಮಾರಿತನದಿಂದ ನೀವು ಹಾಗೆ ಮಾಡಿದ್ದೀರಿ ಎಂದು ನನಗೆ ಅನ್ನಿಸುವುದಿಲ್ಲ. ತೆರೆದರೆ ಪ್ರತಿ ತಪ್ಪಿಗೂ ನಿಮ್ಮಿಂದಲೇ ಬೈಗುಳ ತಿನ್ನಬೇಕು, ಅದಕ್ಕೇ ಕೈ ಹಿಂಜರಿಯುತ್ತದೆ. ಮನೆಯಲ್ಲಿ ಹೊಡೆತ ಕಾದಿದೆ ಎಂದು ಗೊತ್ತಿರುವ ಮಗು ಮಾರ್ಕ್ಸ್ ಕಾರ್ಡ್ ಬಚ್ಚಿಡುತ್ತದಲ್ಲ, ನೀವೂ ನಿಮ್ಮಿಂದಲೇ ಅದನ್ನು ಬಚ್ಚಿಟ್ಟಿದ್ದೀರಿ. ಬೈಗುಳ ನಿಮ್ಮ ತಪ್ಪನ್ನು ತಿದ್ದುತ್ತಿದೆ ಎಂದು ನೀವು ತಿಳಿದಿದ್ದೀರಿ. ಅದು ಆ ತಪ್ಪು ನಿಮ್ಮ ಕಣ್ಣಿಗೇ ಬೀಳದಂತೆ ಮುಚ್ಚಿಟ್ಟಿದೆ. ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ: ತಪ್ಪನ್ನು ನೆಟ್ಟಗೆ ನೋಡಿ ತಿದ್ದಿಕೊಳ್ಳಬೇಕಾದರೆ ತನ್ನ ಮೇಲೆ ತನಗೆ ಕರುಣೆ ಇರಲೇಬೇಕು.

ಹೀಗೇಕೆ ಆಗುತ್ತದೆ ಎಂಬುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಚೆನ್ನಾಗಿ ವಿವರಿಸಿದ್ದಾರೆ. ನಾಚಿಕೆ, ಆತ್ಮನಿಂದೆಗಳಲ್ಲಿ ನಲುಗಿದವರಿಗಾಗಿಯೇ ಕರುಣೆಯನ್ನು ಕೇಂದ್ರವಾಗಿಟ್ಟುಕೊಂಡ ಒಂದು ಚಿಕಿತ್ಸೆಯನ್ನು ರೂಪಿಸಿದವರು ಅವರು. ಅವರ ಪ್ರಕಾರ ನಮ್ಮ ಭಾವನೆಗಳನ್ನು ನಡೆಸುವ ವ್ಯವಸ್ಥೆಗಳು ಮೂರು. ಅಪಾಯ ಕಂಡಾಗ ಎಚ್ಚರಿಸುವುದು ಒಂದು, ಬೇಕಾದುದರ ಬೆನ್ನು ಹತ್ತಿಸುವುದು ಇನ್ನೊಂದು, ಸಮಾಧಾನಗೊಳಿಸಿ ನೆಲೆಗೆ ತರುವುದು ಮೂರನೆಯದು. ಬೆದರಿಕೆ ಹೊರಗಿನಿಂದ ಬಂದರೂ ಒಳಗಿನಿಂದ ಬಂದರೂ ಎಚ್ಚರಗೊಳ್ಳುವುದು ಮೊದಲನೆಯ ವ್ಯವಸ್ಥೆಯೇ. ಯಾರೋ ಎದುರಿಗೆ ನಿಂತು ಗದರಿದಾಗ ಎದೆ ಹೊಡೆದುಕೊಳ್ಳುವ ಹಾಗೆ, ನಿಮ್ಮನ್ನು ನೀವೇ ಗದರಿಕೊಂಡಾಗಲೂ ಹೊಡೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮೈ ಓಡಿಹೋಗಲು, ಇಲ್ಲವೆ ಅವಿತುಕೊಳ್ಳಲು ಸಿದ್ಧವಾಗಿರುತ್ತದೆ. ಸಂವಿಧಾನದ ವಿಧಿಗಳನ್ನೋ ಅರ್ಥಶಾಸ್ತ್ರದ ಲೆಕ್ಕವನ್ನೋ ನೆನಪಿನಲ್ಲಿ ಕೂರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಲೈಬ್ರರಿಯಲ್ಲಿ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರೂ ಏನೂ ನಿಲ್ಲದ ದಿನಗಳು ನಿಮಗೂ ಇರಬೇಕು. ಅಂಥ ದಿನ ರಾತ್ರಿ ಉಪವಾಸ ಮಲಗಿದರೆ ಮರುದಿನದ ಓದೂ ಹಾಳು. ಮರುದಿನ ಮತ್ತೆ ಬೈಗುಳ. ಬೈಗುಳದಿಂದಲೇ ಓದು ಕೆಡುತ್ತಿರುವಾಗ, ಓದು ಕೆಟ್ಟಿತೆಂದು ಇನ್ನಷ್ಟು ಬೈದುಕೊಳ್ಳುವ ಸುಳಿಯಲ್ಲಿ ಸಿಕ್ಕಿದ್ದೀರಿ.

ಕರುಣೆ ಸೋಮಾರಿತನ ಬೆಳೆಸುತ್ತದೆಯೇ ಎಂಬುದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಅವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಬಹಳ ಕಷ್ಟದ ಶಬ್ದಪರೀಕ್ಷೆ ಕೊಟ್ಟರು. ಆಮೇಲೆ ಒಂದು ಗುಂಪಿಗೆ, ಇಂಥ ಪರೀಕ್ಷೆಯಲ್ಲಿ ಕಷ್ಟಪಡುವುದು ಸಾಮಾನ್ಯ, ನಿಮ್ಮ ಮೇಲೆ ನೀವೇ ಕಠಿಣವಾಗಬೇಡಿ ಎಂದು ಹೇಳಿದರು. ಇನ್ನೊಂದು ಗುಂಪಿಗೆ, ಈ ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕಿದೆಯೆಂದರೆ ನೀವು ಬುದ್ಧಿವಂತರೇ ಎಂದರು. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಮೊದಲು ಓದಿಕೊಳ್ಳಲು ಬೇಕಾದಷ್ಟು ಸಮಯ ಕೊಟ್ಟಾಗ ಹೆಚ್ಚು ಹೊತ್ತು ಕೂತು ಓದಿದವರು ಮೊದಲ ಗುಂಪಿನವರು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ನಿಮಗೆ ಸಲ್ಲುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೇ ಪರೀಕ್ಷೆಗೆ ಓದುವುದನ್ನು ಕಡಿಮೆ ಮುಂದೂಡಿದರು. ಕೊರಗಿಗೆ ಹೋಗುತ್ತಿದ್ದ ಶಕ್ತಿ ಓದಿಗೆ ಬಂತು.

ಕರುಣೆ ಎಂದ ಕೂಡಲೇ ನಿಮಗೆ ಮೆತ್ತಗಿನದು, ರಿಯಾಯಿತಿ ಕೊಡುವಂಥದ್ದು ಎನ್ನಿಸುತ್ತಿರಬೇಕು. ಅದು ಹಾಗಲ್ಲ. ತನ್ನ ಮೇಲಿನ ಕರುಣೆಯನ್ನು ಸಂಶೋಧನೆಯ ವಿಷಯವಾಗಿ ಬೆಳೆಸಿದವರು ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್. ಬೌದ್ಧ ಧ್ಯಾನದ ಅಭ್ಯಾಸದಿಂದ ಈ ವಿಚಾರ ಹಿಡಿದುಕೊಂಡು ಬಂದವರು. 2003ರಲ್ಲಿ ಅವರು ಇದನ್ನು ವಿವರಿಸಿ, ಅಳೆಯಲು 26 ಹೇಳಿಕೆಗಳ ಒಂದು ಮಾಪನವನ್ನೂ ಕೊಟ್ಟರು. ಅವರ ಪ್ರಕಾರ ಇದರಲ್ಲಿ ಮೂರು ಸಂಗತಿಗಳಿವೆ. ಸೋತಾಗ ತನ್ನನ್ನು ತಾನು ಹಳಿಯದೆ ಆದರಿಸುವುದು. ಸೋಲು, ಕೊರತೆ ಎಲ್ಲ ಮನುಷ್ಯರ ಪಾಲಿಗೂ ಬರುವುದು ಎಂದು ಕಾಣುವುದು. ನೋವನ್ನು ತಳ್ಳಿಹಾಕದೆ, ಅದರಲ್ಲೇ ಮುಳುಗದೆ, ಇದ್ದದ್ದನ್ನು ಇದ್ದ ಹಾಗೆ ಗಮನಿಸುವುದು.

ಈ ಎರಡನೆಯ ಸಂಗತಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ನಿಮ್ಮ ಪತ್ರದಲ್ಲಿ ಪೂರ್ತಿ ಕಾಣೆಯಾಗಿರುವುದು ಇದೇ. 2024ರಲ್ಲಿ ಅಧಿಸೂಚನೆಯಾದ ಕೆಎಎಸ್ ನೇಮಕಾತಿಯಲ್ಲಿದ್ದ ಹುದ್ದೆಗಳು 384. ಅರ್ಜಿ ಹಾಕಿದವರು ಎರಡು ಲಕ್ಷಕ್ಕೂ ಹೆಚ್ಚು. ಅಂದರೆ ಒಂದು ಹುದ್ದೆಗೆ ಐನೂರಕ್ಕೂ ಹೆಚ್ಚು ಜನ. ಆ ಎರಡು ಲಕ್ಷ ಜನರೂ ಮೈಮುರಿದು ಓದಿದ್ದರೂ ಹುದ್ದೆ ಸಿಗುವುದು 384 ಮಂದಿಗೆ ಮಾತ್ರ. ನೀವು ಓದುವ ಲೈಬ್ರರಿಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತವರ ಕಡೆ ಒಮ್ಮೆ ಕಣ್ಣು ಹಾಯಿಸಿ. ಅವರಲ್ಲಿ ಹೆಚ್ಚಿನವರೂ ನಿಮ್ಮ ಹಾಗೆಯೇ ಒಂದು ಸುತ್ತಿನಲ್ಲಿ ನಿಂತವರು, ಊರಿನಿಂದ ಬರುವ ಫೋನಿಗೆ ಏನು ಹೇಳಲಿ ಎಂದು ತಡವರಿಸುವವರು. ಅವರೆಲ್ಲ ಭೂಮಿಗೆ ಭಾರ ಎಂದು ನಿಮಗೆ ಯಾವತ್ತೂ ಅನ್ನಿಸಿಲ್ಲ. ತನ್ನ ಬಗ್ಗೆ ಮರುಗುತ್ತ ಕೂರುವುದಕ್ಕೂ ಈ ಕರುಣೆಗೂ ಇರುವ ಅಂತರವೂ ಇಲ್ಲೇ ಇದೆ. ಮರುಗುತ್ತ ಕೂತವರಿಗೆ ಜಗತ್ತಿನ ಕಷ್ಟವೆಲ್ಲ ತಮ್ಮೊಬ್ಬರ ತಲೆಯ ಮೇಲೇ ಬಿದ್ದ ಹಾಗೆ ಕಾಣುತ್ತದೆ. ಕರುಣೆ ನಿಮ್ಮನ್ನು ಎಲ್ಲರ ಜೊತೆಗೆ ನಿಲ್ಲಿಸುತ್ತದೆ.

ಹಾಗೆಂದು ತಪ್ಪೇ ಆಗಿಲ್ಲ ಎಂದು ಹೇಳಿಕೊಳ್ಳುವುದೂ ಬೇಡ. ಓದದ ದಿನ ಓದಿಲ್ಲ ಎಂದೇ ಬರೆದುಕೊಳ್ಳಿ. ‘ಇವತ್ತು ಮೂರು ತಾಸು ಮೊಬೈಲ್ ನೋಡಿದೆ’ ಎನ್ನುವುದು ನಿಜ, ಅದನ್ನು ನಾಳೆ ಸರಿಪಡಿಸಬಹುದು. ‘ನಾನೇ ದಂಡ’ ಎಂಬ ತೀರ್ಪಿಗೆ ಮಾಡುವುದೇನೂ ಉಳಿದಿರುವುದಿಲ್ಲ.

ಸಂಶೋಧನೆಯ ಮಾತನ್ನು ಇನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. 79 ಗುಂಪುಗಳ, 16,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತಮ್ಮ ಬಗ್ಗೆ ಕರುಣೆ ಇರುವವರಲ್ಲಿ ಮನಸ್ಸಿನ ನೆಮ್ಮದಿಯೂ ಹೆಚ್ಚಿರುವುದು ಕಂಡುಬಂತು. ಯಾವುದರಿಂದ ಯಾವುದು ಎಂದು ಇದೊಂದರಿಂದಲೇ ಹೇಳಲಾಗದು, ಆದರೆ ಕರುಣೆಯ ಅಭ್ಯಾಸ ಮಾಡಿಸಿ ನೋಡಿದ 27 ಪ್ರಯೋಗಗಳ 2019ರ ವಿಶ್ಲೇಷಣೆಯಲ್ಲಿ ಒಳ್ಳೆಯ ಬದಲಾವಣೆ ಎದ್ದು ಕಂಡದ್ದು ಎರಡು ಕಡೆ: ಊಟ ತಿಂಡಿಯ ವಿಷಯದ ತೊಡಕುಗಳಲ್ಲಿ, ಮತ್ತು ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕಿ ಕೊರಗುವುದರಲ್ಲಿ. ಊಟ ಬಿಟ್ಟು ಡೈರಿ ತುಂಬಿಸುವ ನಿಮಗೆ ಈ ಎರಡೂ ಬೇಕು.

ಇನ್ನು ಮಾಡಬೇಕಾದ್ದು.

ಮೊದಲನೆಯದು ಊಟ. ಟಾರ್ಗೆಟ್ ಮುಗಿಯಲಿ, ಬಿಡಲಿ, ರಾತ್ರಿ ಮೆಸ್ಸಿಗೆ ಹೋಗಿ ಉಣ್ಣಿ. ಇದಕ್ಕೆ ಯಾವ ಷರತ್ತೂ ಬೇಡ. ಹೋಗಲು ಮನಸ್ಸಾಗದ ದಿನ ನಿಮ್ಮನ್ನು ಎಬ್ಬಿಸುವ ಕೆಲಸವನ್ನು ಗೆಳತಿಗೆ ವಹಿಸಿ. ಆಕೆಗೆ ಅದು ಹೊರೆಯಾಗುವುದಿಲ್ಲ. ನೀವು ಆಕೆಗೆ ಮಾಡಿದ್ದನ್ನೇ ಆಕೆ ನಿಮಗೆ ಮಾಡುತ್ತಾಳೆ.

ಎರಡನೆಯದು ಡೈರಿ. ಅದನ್ನು ಎಸೆಯಬೇಡಿ, ಬರೆಯುವುದನ್ನು ಬದಲಿಸಿ. ಬೈಗುಳ ಬಾಯಿಗೆ ಬಂದಾಗ ಒಂದು ಉಸಿರು ನಿಧಾನವಾಗಿ ಬಿಟ್ಟು, ಬೇಕೆನಿಸಿದರೆ ಎದೆಯ ಮೇಲೆ ಕೈಯಿಟ್ಟುಕೊಂಡು, ಮೂರು ಸಾಲು ಬರೆಯಿರಿ. “ಈಗ ನನಗ ಸಂಕಟ ಆಗ್ಲಿಕತ್ತೈತಿ.” “ಇದು ನನಗೊಬ್ಬಾಕಿಗೇ ಬಂದಿದ್ದಲ್ಲ.” “ಈಗ ನನಗ ಏನು ಬೇಕು?” ಮೂರನೆಯದಕ್ಕೆ ಉತ್ತರವನ್ನೂ ಬರೆಯಿರಿ. ಒಂದು ಲೋಟ ನೀರು ಇರಬಹುದು, ಅರ್ಧ ತಾಸು ನಿದ್ದೆ ಇರಬಹುದು, ಎದ್ದು ಇನ್ನೊಂದು ಪಾಠ ಮುಗಿಸುವುದೂ ಇರಬಹುದು. ನಿಮ್ಮ ಮನೆಮಾತಿನಲ್ಲೇ ಬರೆಯಿರಿ, ಗೆಳತಿಯನ್ನು ಎಬ್ಬಿಸಿದ ದಿನ ನಿಮ್ಮ ದನಿ ಹೇಗಿತ್ತೋ ಅದೇ ದನಿಯಲ್ಲಿ ಓದಿಕೊಳ್ಳಿ. ಸರಿಯಾದ ಮಾತನ್ನೇ ಸಿಡುಕಿನ ದನಿಯಲ್ಲಿ ಹೇಳಿಕೊಂಡರೆ ಉಪಯೋಗವಾಗುವುದಿಲ್ಲ ಎಂಬುದು ಗಿಲ್ಬರ್ಟ್ ತಮ್ಮ ರೋಗಿಗಳಲ್ಲಿ ಗಮನಿಸಿದ ಸಂಗತಿ. ಆರಂಭದಲ್ಲಿ ಇದು ಕೃತಕ ಎನ್ನಿಸಬಹುದು, ಇದ್ದಕ್ಕಿದ್ದಂತೆ ಅಳು ಬರಬಹುದು, ಹಳೆಯ ನೋವು ಏಳಬಹುದು. ಇಂಥ ಅಭ್ಯಾಸ ಕಲಿಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ಹಂತ. ತಡೆಯಲಾರದಷ್ಟು ಆದರೆ ಅಂದಿಗೆ ನಿಲ್ಲಿಸಿ, ಹೊರಗೆ ಒಂದು ಸುತ್ತು ನಡೆದು ಬನ್ನಿ, ಆಪ್ತಸಮಾಲೋಚಕರ ಹತ್ತಿರ ಅದನ್ನು ಹೇಳಿ.

ಮೂರನೆಯದು ಓಎಂಆರ್. ಈ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ, ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆದುಕೊಳ್ಳಿ. ವಿಷಯವೇ ಗೊತ್ತಿಲ್ಲದೆ ತಪ್ಪಿದ್ದು ಒಂದರಲ್ಲಿ. ಓದಿದ್ದರೂ ನೆನಪಾಗದೆ ಹೋದದ್ದು ಎರಡರಲ್ಲಿ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂದು ಕೇಳಿದ್ದನ್ನು ‘ಸರಿಯಾದ’ ಎಂದು ಓದಿ ತಪ್ಪಿಸಿಕೊಂಡಂಥದ್ದು ಮೂರರಲ್ಲಿ. ಅಂದಾಜಿಗೆ ಶೇಡ್ ಮಾಡಿ ನೆಗೆಟಿವ್ ಮಾರ್ಕ್ಸ್ ತಂದುಕೊಂಡದ್ದು ನಾಲ್ಕರಲ್ಲಿ. ಪ್ರತಿಯೊಂದಕ್ಕೂ ಮದ್ದು ಬೇರೆ. ಗೊತ್ತಿಲ್ಲದ್ದಕ್ಕೆ ಹೊಸ ಓದು ಬೇಕು, ಮರೆತದ್ದಕ್ಕೆ ರಿವಿಷನ್ ಸಾಕು, ಮೂರು ಮತ್ತು ನಾಲ್ಕನೆಯದಕ್ಕೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು. ‘ಸ್ವಲ್ಪದರಲ್ಲಿ ತಪ್ಪಿತು’ ಎಂದಿದ್ದೀರಿ. ಆ ಸ್ವಲ್ಪ ಯಾವ ಮನೆಯಲ್ಲಿದೆ ಎಂದು ತಿಳಿಯದೆ ಇನ್ನೊಂದು ವರ್ಷ ಓದಿದರೆ, ಗೊತ್ತಿರುವುದನ್ನೇ ಮತ್ತೆ ಓದುತ್ತ ಕೂರುತ್ತೀರಿ.

ಅಣ್ಣನ ವಿಷಯವನ್ನೂ ಹೇಳಬೇಕು. ಅವರು ಬೈಯಲಿಲ್ಲ ಎಂದು ಅವರ ಪರವಾಗಿ ನೀವು ಬೈದುಕೊಂಡರೆ ಅವರ ಋಣ ತೀರುವುದಿಲ್ಲ. ಕಬ್ಬಿನ ಬಿಲ್ಲಿನಲ್ಲಿ ನಿಮ್ಮ ಊಟಕ್ಕೆಂದು ಅವರು ದುಡ್ಡು ಎತ್ತಿಡುತ್ತಾರೆ, ನೀವು ಆ ಊಟವನ್ನೇ ಬಿಡುತ್ತೀರಿ. ಗೊತ್ತಾದರೆ ಅವರಿಗೆ ಎಷ್ಟು ಸಂಕಟವಾದೀತು ಯೋಚಿಸಿ. ಅವರಿಗೆ ಸಲ್ಲಬೇಕಾದದ್ದು ನಿಜವಾದ ಲೆಕ್ಕ. ಊರಿಗೆ ಹೋದಾಗ ಎದುರಿಗೆ ಕೂತು, “ಅಣ್ಣಾ, ಇಷ್ಟು ಬಂತು, ಇಷ್ಟಕ್ಕೆ ತಪ್ಪಿತು, ಮುಂದ ಹಿಂಗ ಮಾಡಬೇಕಂತ ಮಾಡೀನಿ” ಎಂದು ಆ ನಾಲ್ಕು ಮನೆಯ ಹಾಳೆಯನ್ನೇ ತೋರಿಸಿ.

ಹಾಗೆಯೇ ಇನ್ನೆಷ್ಟು ಸಲ, ಎಲ್ಲಿಯವರೆಗೆ ಎಂಬುದನ್ನೂ ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ. ತನ್ನ ಮೇಲಿನ ಕರುಣೆಗೆ ಗಟ್ಟಿತನದ ಒಂದು ಮುಖವೂ ಇದೆ ಎಂದು ನೆಫ್ 2021ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತನಗೆ ಹಾನಿ ಮಾಡುವುದನ್ನು ಸಾಕು ಎನ್ನುವುದು, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು, ಬದಲಿಸಬೇಕಾದ್ದನ್ನು ಬದಲಿಸುವುದು ಆ ಮುಖ. ಓದಿನ ಜೊತೆಗೆ ದಿನಕ್ಕೆ ಎರಡು ತಾಸು ಪಾಠ ಹೇಳಿಯೋ, ಬೇರೆ ಕೆಲಸ ಹಿಡಿದೋ ನಿಮ್ಮ ಖರ್ಚಿನ ಒಂದು ಪಾಲನ್ನು ನೀವೇ ಹೊರಬಹುದು. ಒಂದು ಗಡುವು ಇಟ್ಟುಕೊಂಡು, ಅದು ಮುಗಿದ ಮೇಲೆ ಎಂ.ಎ. ಓದಿಗೆ ಹೊಂದುವ ಬೇರೆ ದಾರಿ ಹಿಡಿಯಬಹುದು. ಅದನ್ನು ಸೋತು ಓಡಿದ್ದು ಎಂದು ಕರೆಯಬೇಕಾಗಿಲ್ಲ. ಯಾರ ಒತ್ತಾಯಕ್ಕೂ, ಯಾವ ಶಿಕ್ಷೆಯ ಭಯಕ್ಕೂ ಅಲ್ಲದೆ ತಿಳಿದು ಮಾಡಿದ ನಿರ್ಧಾರ ಯಾವುದಾದರೂ ಸರಿ.

ತಪ್ಪು ಮಾಡಿದವಳಿಗೆ ಕರುಣೆ ಯಾಕೆ ಎಂದು ಕೇಳಿದ್ದೀರಿ. ತಪ್ಪು ಮಾಡದವರಿಗೆ ಅದರ ಅಗತ್ಯ ಅಷ್ಟಿರುವುದಿಲ್ಲ, ತಂಗಿ. ಎಡವಿದವರಿಗೇ ಎದ್ದು ನಿಲ್ಲಲು ಆಸರೆ ಬೇಕಾಗುವುದು. ಮುಂದಿನ ಪರೀಕ್ಷೆಯಲ್ಲಿ ಖಂಡಿತ ಆಗುತ್ತದೆ ಎಂದು ನಾನು ಮಾತು ಕೊಡಲಾರೆ, ಹುದ್ದೆಗಳ ಲೆಕ್ಕ ಯಾರ ಕೈಯಲ್ಲೂ ಇಲ್ಲ. ನಿಮ್ಮ ಮೇಲೆ ನೀವು ಎತ್ತಿದ ಕೈಯನ್ನು ಇಳಿಸುವುದು ಮಾತ್ರ ಪೂರ್ತಿ ನಿಮ್ಮದೇ. ಫಲಿತಾಂಶ ಏನೇ ಬರಲಿ, ಅದನ್ನು ತೆರೆದು ನೋಡಿ ಮುಂದಿನ ಹೆಜ್ಜೆ ಇಡುವ ಧೈರ್ಯ ಅದರಿಂದ ಬರುತ್ತದೆ. ಇವತ್ತು ಗೆಳತಿಗೆ ಹೇಳಿ ಆ ಕರೆ ಮಾಡಿ. ರಾತ್ರಿ ಮೆಸ್ಸಿಗೆ ಹೋಗಿ ಉಣ್ಣಿ. ಭಾನುವಾರ ಓಎಂಆರ್ ತೆಗೆಯಿರಿ. ಒಂದು ತಿಂಗಳು ಬಿಟ್ಟು ಹೇಗಿದ್ದೀರಿ ಎಂದು ನನಗೆ ಮತ್ತೆ ಬರೆಯಿರಿ.